ಎರಡೇ ಅಂಕಿಗೆ ಕಳೆದುಹೋದ ವಾಲ್ವುಗಳು

ನೀರಿನ ಕಚೇರಿ, ಮಹಡಿಯ ಕೋಣೆ
ಮಾರ್ಚ್ ೧೨, ಗುರುವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ಅದನ್ನು ಹೆಚ್ಚು ಮಾಡಿಕೊಳ್ಳಬೇಡ. ಎರಡು ತಿಂಗಳಿಂದ ನಾನು ಫೋನು ಮಾಡಿದಾಗಲೆಲ್ಲ ಅಕ್ಕನ ಕೈಗೆ ಕೊಟ್ಟುಬಿಡುತ್ತೀ. ಅದಕ್ಕೇ ಈ ಕಾಗದವನ್ನು ಸಂಜೆ ಬಸ್ಸಿನ ಡ್ರೈವರ್ ಹತ್ತಿರ ಕಳಿಸುತ್ತಿದ್ದೇನೆ. ಇದನ್ನಾದರೂ ನೀನೇ ಓದು, ದಮ್ಮಯ್ಯ.

ನನ್ನ ಕಿಟಕಿಯಿಂದ ಆಸ್ಪತ್ರೆ ಬೀದಿ ಪೂರ್ತಿ ಕಾಣುತ್ತದೆ. ಭಾನುವಾರ ಬೆಳಿಗ್ಗೆ ನೀನು ಆ ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗಿಟ್ಟು ವಾಲ್ವು ತಿರುಗಿಸಲು ಹೊರಟರೆ ನಾನು ಹಿಂದೆಯೇ ಓಡುತ್ತಿದ್ದೆ. ಸರಳಿನ ಒಂದು ತುದಿ ನೆಲಕ್ಕೆ, ಇನ್ನೊಂದು ನನ್ನ ಕಿವಿಗೆ. "ಕೇಳಿಸ್ತಾ ಪುಟ್ಟಿ? ನೀರು ಹೋಗ್ತಾ ಇದೆ ನೋಡು" ಎಂದು ನೀನು ಅನ್ನುತ್ತಿದ್ದೆ. ನಿಜ ಹೇಳಲಾ? ನನಗೆ ಏನೂ ಕೇಳಿಸುತ್ತಿರಲಿಲ್ಲ, ಸುಮ್ಮನೆ "ಹ್ಞೂಂ" ಅನ್ನುತ್ತಿದ್ದೆ. ಎಂಥ ಸುಖದ ದಿನಗಳಪ್ಪಾ ಅವು! ಆಮೇಲೆ ನೀನು ಹೆಜ್ಜೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ: "ದರ್ಜಿ ಅಂಗಡಿ ಬಾಗಿಲಿಂದ ಹದಿನಾಲ್ಕು ಹೆಜ್ಜೆ, ಮರದ ಕಡೆಗೆ."

ಈಗ ಸುದ್ದಿ. ಬೈಯಬೇಡ. ಊರಿನ ನಾನೂರ ಹನ್ನೆರಡು ವಾಲ್ವುಗಳ ಅಕ್ಷಾಂಶ, ರೇಖಾಂಶಗಳನ್ನು ಬಾಡಿಗೆ ಯಂತ್ರದಿಂದ ಅಳೆದು ಡೇಟಾಬೇಸ್‌ಗೆ ಸೇರಿಸಿದೆವಲ್ಲ, ಅದರ ಟೇಬಲ್, ಅಂದರೆ ಗೆರೆ ಹೊಡೆದ ಪಟ್ಟಿ, ಮಾಡಿದವಳು ನಾನೇ. ಪೈಪಿನ ಉದ್ದ ಬರೆಯುವ ಹಳೆಯ ಟೇಬಲ್ ನೋಡಿಕೊಂಡು, ಇಲ್ಲೂ ದಶಮಾಂಶ ಬಿಂದುವಿನ ನಂತರ ಎರಡೇ ಅಂಕಿ ಉಳಿಯುವಂತೆ ಕಾಲಂ ಮಾಡಿದೆ. ಮೀಟರಿನ ಲೆಕ್ಕದಲ್ಲಿ ಆ ಎರಡನೇ ಅಂಕಿ ಬೆರಳಗಲ. ಅಕ್ಷಾಂಶದಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್! ಐದಾರು ಅಂಕಿಯಾದರೂ ಬೇಕಿತ್ತು. ಉಳಿದದ್ದನ್ನು ಕಂಪ್ಯೂಟರ್ ಸದ್ದಿಲ್ಲದೆ ಕತ್ತರಿಸಿ ಹಾಕಿತು. ಮೊನ್ನೆ ನಕ್ಷೆ ತೆರೆದರೆ ಇಡೀ ಊರಿನ ವಾಲ್ವುಗಳು ಒಂಬತ್ತೇ ಚುಕ್ಕೆಗಳಲ್ಲಿ ಗುಡ್ಡೆ ಬಿದ್ದಿವೆ. ಆಸ್ಪತ್ರೆ ಬೀದಿಯವೆಲ್ಲ ಶಾಲೆಯ ಮೈದಾನದಲ್ಲಿ! ಬಾಡಿಗೆ ಯಂತ್ರದಲ್ಲಿದ್ದ ಅಳತೆಗಳನ್ನೂ ಅಳಿಸಿ ವಾಪಸು ಕೊಟ್ಟಾಗಿದೆ.

ಬೇರೆ ಬೀದಿಗಳನ್ನು ಮತ್ತೆ ಅಳೆಯಬಹುದು. ಆಸ್ಪತ್ರೆ ಬೀದಿಗೆ ಮಾತ್ರ ಆಗಲೇ ಜಲ್ಲಿ ಹಾಸಿದ್ದಾರೆ, ಸೋಮವಾರ ಡಾಂಬರು. ಅಷ್ಟರಲ್ಲಿ ಅಡಿಯ ಹನ್ನೊಂದು ವಾಲ್ವು ಸಿಗದಿದ್ದರೆ, ಮುಂದೆ ಎಂದಾದರೂ ಪೈಪು ಒಡೆದ ದಿನ ಇಡೀ ಊರಿನ ನೀರು ನಿಲ್ಲಿಸಬೇಕು, ಆಸ್ಪತ್ರೆಯದೂ ಸೇರಿ. ನಿನ್ನ ನೋಟ್‌ಬುಕ್ ಹಿಡಿದು ಹೊರಟೆ. ದರ್ಜಿ ಅಂಗಡಿ ಇದ್ದಲ್ಲಿ ಈಗ ಬರೀ ಗೋಡೆ, ಮರ ಇಲ್ಲವೇ ಇಲ್ಲ, ನನ್ನದೋ ಗುಬ್ಬಿ ಹೆಜ್ಜೆ. ಮೂರು ಗುಂಡಿ ತೋಡಿಸಿದೆ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ನನಗೆ ಇಲಿಯೂ ಸಿಗಲಿಲ್ಲ. ಅಗೆಯುವವರು "ಅಪ್ಪನ್ನ ಕರೆಸಮ್ಮ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂದರು.

ಅಕ್ಕ, ಭಾವನಿಗೆ ನನ್ನ ನೆನಪು ತಿಳಿಸು. ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ.

ನಿನ್ನ
ಪುಟ್ಟಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಒಡೆದೆ. ನೀನು ನಿವೃತ್ತನಾದ ದಿನ ಎಲ್ಲರೆದುರು "ಈ ರದ್ದಿ ಇನ್ನು ಯಾರಿಗೆ ಬೇಕಪ್ಪ" ಎಂದು ನಾನು ನಕ್ಕೆ. ನೀನು ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು ಅಕ್ಕನ ಊರಿನ ಬಸ್ಸು ಹತ್ತಿದೆ. ತಪ್ಪಾಯಿತಪ್ಪಾ. ಟೇಬಲ್ ಕೆಡಿಸಿದವಳು ನಾನೇ ಎಂದು ಸಾಹೇಬರಿಗೂ ಇವತ್ತು ಹೇಳಿಬಿಟ್ಟೆ. ಕೆಲಸ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ. ಶನಿವಾರ ಬಾ. ನನ್ನ ಜೊತೆ ಒಂದು ಮಾತೂ ಆಡಬೇಡ, ಆ ಬೀದಿಯಲ್ಲಿ ಒಮ್ಮೆ ನಡೆ ಸಾಕು. ನೀನು ನಿಂತ ಕಡೆಯೆಲ್ಲ ನಾನು ಬಣ್ಣ ಬಳಿಯುತ್ತೇನೆ.