ಸಾಯುವವರು ಪೂಜೆ ಮುಗಿಯುವವರೆಗೆ ಕಾಯಬೇಕೇ?

ಮಾನ್ಯ ಧರ್ಮಾಧ್ಯಕ್ಷರೇ,

ಬರುವ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಊರಿನ ಗುರುಗಳಾದ ಫಾದರ್ ಅಮೆಡಿಯವರು ನಿಮ್ಮ ಬಿಷಪ್ ಕಚೇರಿಗೆ ಹಾಜರಾಗಿ ತಮ್ಮ ತಪ್ಪಿಗೆ ವಿವರಣೆ ಕೊಡಬೇಕೆಂದು ಆಜ್ಞೆ ಕಳುಹಿಸಿದ್ದೀರಿ. ಅವರು ಮಾಡಿದ ತಪ್ಪು ಇಷ್ಟು: ಕಳೆದ ತಿಂಗಳ ಒಂದು ಭಾನುವಾರ ಚರ್ಚಿನ ಬಲಿಪೂಜೆಯನ್ನು ಅರ್ಧಕ್ಕೆ ನಿಲ್ಲಿಸಿ, ಏದುಸಿರು ಬಿಡುತ್ತಿದ್ದ ಒಬ್ಬ ವೃದ್ಧೆಯ ಹಣೆಗೆ, ಸಾಯುವ ಮುನ್ನ ಕೊಡುವ ಸಂಸ್ಕಾರದ ಪವಿತ್ರ ತೈಲ ಹಚ್ಚಲು ಓಡಿದರು. ನಿಮ್ಮ ಪತ್ರ ಇದನ್ನು "ದೈವಾರಾಧನೆಯ ಘನತೆಗೆ ತಂದ ಚ್ಯುತಿ" ಎಂದು ಕರೆದಿದೆ. ಆ ವೃದ್ಧೆ ಅಂದೇ ಸಾಯದೆ ಇನ್ನೂ ಎರಡು ದಿನ ಬದುಕಿದ್ದರಿಂದ "ತುರ್ತು ಇತ್ತೆಂಬುದು ಸಾಬೀತಾಗುವುದಿಲ್ಲ" ಎಂದೂ ಅದೇ ಪತ್ರ ಹೇಳಿದೆ. ಕ್ಷಮಿಸಬೇಕು ಮಾನ್ಯರೇ, ಆ ವೃದ್ಧೆಗೆ, ಹಿರಿಯ ಹೆಂಗಸರನ್ನೆಲ್ಲ ನಮ್ಮೂರು ಕರೆಯುವಂತೆ ಕರೆದರೆ ನಮ್ಮ ಮಿಸ್ ಅರ್ಲೀನ್ ಅವರಿಗೆ, ಈ ನಿಯಮ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಿಮ್ಮ ಕಡತದ ಅನುಕೂಲಕ್ಕಾಗಿ ಅಂದು ಊಟದ ಹೊತ್ತಿನೊಳಗೇ ಕಣ್ಣು ಮುಚ್ಚಿಬಿಡುತ್ತಿದ್ದರೇನೋ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹೊಟ್ಟೆಪಾಡಿಗೆ ಸಿಗಡಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಚರ್ಚಿನ ಮೇಣದಬತ್ತಿ, ಗಂಟೆ, ಧೂಪ, ಪೂಜಾವಸ್ತ್ರ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದೇನೆ. ಆದ್ದರಿಂದ ಇವನಿಗೆ ಪೂಜಾವಿಧಿಯ ಬೆಲೆ ಗೊತ್ತಿಲ್ಲ ಎಂದು ಈ ಪತ್ರವನ್ನು ಪಕ್ಕಕ್ಕಿಡುವ ಸುಖ ನಿಮಗಿಲ್ಲ. ನೀವು ಹಾಕಿಕೊಳ್ಳುವ ಬಂಗಾರದ ಅಂಚಿನ ವಸ್ತ್ರಕ್ಕೆ ಇಸ್ತ್ರಿ ಹಾಕಿದ ಕೈ ಇದು.

ಫಾದರ್ ಅಮೆಡಿ ಆ ಭಾನುವಾರ ಯಾಕೆ ಓಡಿದರು ಎಂದು ನೀವು ಶುಕ್ರವಾರ ಕೇಳುತ್ತೀರಿ. ಅವರು ಸಂಕೋಚದ ಮನುಷ್ಯ. ತಲೆ ತಗ್ಗಿಸಿ "ತಪ್ಪಾಯಿತು" ಎಂದುಬಿಡುತ್ತಾರೆ. ಅದಕ್ಕೇ ನಾನು ಹೇಳುತ್ತೇನೆ. ಕಾರಣ ಕಳೆದ ಅಕ್ಟೋಬರಿನಲ್ಲಿದೆ. ಅದರಲ್ಲಿ ನೀವೂ ಇದ್ದೀರಿ, ನಾನೂ ಇದ್ದೇನೆ.

ನಮ್ಮ ಊರಿನಲ್ಲಿ ನೊಲನ್ ಡಾರ್ಡಾರ್ ಎಂಬ ಸಿಗಡಿ ಹಿಡಿಯುವವನಿದ್ದ. ಓದು ಅಷ್ಟಕ್ಕಷ್ಟೆ. ಜಪಸರವನ್ನು ಅಜ್ಜಿ ಕಲಿಸಿದ ಹಳೆಯ ಫ್ರೆಂಚಿನಲ್ಲಿ ಹೇಳುತ್ತಿದ್ದ, ಅರ್ಧ ಪದ ನುಂಗಿ. ಆ ದೊಡ್ಡ ಚಂಡಮಾರುತ ಬಂದು ಚರ್ಚಿನ ಛಾವಣಿ ಹಾರಿಹೋದ ವರ್ಷ, ರಸ್ತೆ ನೀರಿನಡಿ ಮುಳುಗಿ ಏಳು ವಾರ ಯಾವ ಗುರುಗಳೂ ನಮ್ಮ ಕಡೆ ತಲೆ ಹಾಕಲಿಲ್ಲ. ಏಳು ಭಾನುವಾರವೂ ನೊಲನ್ ತನ್ನ ದೋಣಿಯನ್ನು ತಂದು ಚರ್ಚಿನ ಮೆಟ್ಟಿಲಿಗೇ ಕಟ್ಟಿದ. ನಾವು ಕೆಲವರು ಮೆಟ್ಟಿಲ ಮೇಲೆ, ಕೆಲವರು ದೋಣಿಯಲ್ಲಿ ಬಲೆಯ ಮೇಲೆ ಕೂತೆವು. ಅವನು ಕಾಲುವೆಯ ಆಚೆ ತುದಿಯಿಂದ ಈಚೆ ತುದಿಯವರೆಗೆ ಒಂದೊಂದು ಮನೆಯವರ ಹೆಸರು ಹಿಡಿದು ಪ್ರಾರ್ಥಿಸಿದ. ಮನೆ ಕೊಚ್ಚಿಹೋದವರು, ದೋಣಿ ಮುಳುಗಿದವರು, ತನ್ನೊಂದಿಗೆ ಮಾತು ಬಿಟ್ಟವರು, ಯಾರನ್ನೂ ಬಿಡಲಿಲ್ಲ. ಕೊನೆಗೆ ತಲೆಯೆತ್ತಿ, "ದೇವ್ರೇ, ನೀನು ಕೇಳಿಸ್ಕೊಂಡೆ ತಾನೆ? ನಾನು ಎರಡ್ನೇ ಸಲ ಹೇಳಲ್ಲ, ನನಗೂ ಛಾವಣಿ ಇಲ್ಲ, ಕೆಲಸ ಇದೆ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು, ಅಳುತ್ತಲೂ ಇದ್ದೆವು. ಅಲ್ಲಿ ಧೂಪವಿರಲಿಲ್ಲ, ಡೀಸೆಲ್ ವಾಸನೆಯಿತ್ತು. ದೇವರು ಅಲ್ಲಿರಲಿಲ್ಲ ಎಂದು ನನಗೆ ಯಾರಾದರೂ ಹೇಳಲಿ ನೋಡೋಣ.

ಕಳೆದ ವರ್ಷ ಅವನ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ ಎಂದು ಮನೆಗೆ ಕಳುಹಿಸಿದರು. ಅದೇ ವಾರ ನಮ್ಮ ಚರ್ಚಿನ ಶತಮಾನೋತ್ಸವ. ಭಾನುವಾರ ನೀವು ಬರುವವರಿದ್ದಿರಿ. ನಿಮ್ಮ ಕಚೇರಿಯ ಪೂಜಾವಿಧಿ ನಿರ್ದೇಶಕರು ಮೂರು ದಿನ ಮುಂಚೆಯೇ ಬಂದಿಳಿದಿದ್ದರು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ತಾಲೀಮು. ನಿಮ್ಮ ಎತ್ತರ, ನನ್ನ ಎತ್ತರ ಒಂದೇ ಎಂದು ನಿರ್ದೇಶಕರು ನನ್ನನ್ನೇ ಧರ್ಮಾಧ್ಯಕ್ಷನನ್ನಾಗಿ ಮಾಡಿದರು. ತಲೆಗೆ ಕೇಕ್ ಡಬ್ಬಿಯ ರಟ್ಟಿನ ಕಿರೀಟ, ಕೈಗೆ ದಂಡದ ಬದಲು ಪೊರಕೆಯ ಕೋಲು. ಕಿರೀಟವನ್ನು ಯಾವ ಪ್ರಾರ್ಥನೆಗೆ ತೆಗೆಯಬೇಕು, ಯಾವ ಕೈಯಿಂದ ತೆಗೆಯಬೇಕು, ಧೂಪಪಾತ್ರೆ ಎಷ್ಟು ಸಲ ತೂಗಬೇಕು, ಸರಪಳಿ ಸದ್ದು ಮಾಡಬಾರದು, ಮತ್ತೊಮ್ಮೆ, ಇನ್ನೊಮ್ಮೆ.

ಎರಡೂವರೆಯ ಹೊತ್ತಿಗೆ ನೊಲನ್‌ನ ಹೆಂಡತಿ ಮಿಸ್ ವರ್ನಿ ಒಳಗೆ ಬಂದರು. ಎಪ್ಪತ್ತು ವರ್ಷದ ಹೆಂಗಸು, ಮನೆಯ ಚಪ್ಪಲಿಯಲ್ಲೇ ಓಡಿಬಂದಿದ್ದರು. ಅವನ ಹತ್ತಿರ ಪಕ್ಕದ ಮನೆಯ ಮಿಸ್ ಅರ್ಲೀನ್ ಅವರನ್ನು ಕೂರಿಸಿ ಬಂದಿದ್ದರಂತೆ.

"ಫಾದರ್, ನೊಲನ್ ನಿಮ್ಮನ್ನ ಕರೀತಿದಾನೆ. ಉಗುರೆಲ್ಲ ನೀಲಿ ಆಗಿದೆ. ಈಗ್ಲೇ ಬರ್ಬೇಕು."

ಫಾದರ್ ಅಮೆಡಿ ಹೆಜ್ಜೆ ಎತ್ತಿದರು. ನಿರ್ದೇಶಕರು ಕೈ ಅಡ್ಡ ಹಿಡಿದರು.

"ಅಮ್ಮಾ, ಇನ್ನೊಂದು ನಲವತ್ತು ನಿಮಿಷ ಅಷ್ಟೇ. ಫಾದರ್ ಇಲ್ದೆ ಮೆರವಣಿಗೆ ಸರಿಹೋಗೋದಿಲ್ಲ. ನಾಳೆ ಧರ್ಮಾಧ್ಯಕ್ಷರು ಬರ್ತಿದಾರೆ, ನಿಮಗೂ ಗೊತ್ತಲ್ಲ."

"ಅವ್ರು ನಾಳೆ ಬರ್ತಾರೆ ಸ್ವಾಮಿ. ನಮ್ಮೋನು ಇವತ್ತು ಹೋಗ್ತಿದಾನೆ."

ಫಾದರ್ ಆಗ ದೀಕ್ಷೆ ಪಡೆದು ಒಂದೂವರೆ ವರ್ಷದ ಹೊಸಬರು. ನಿರ್ದೇಶಕರ ಮುಖ ನೋಡಿದರು, ಅವರ ಮುಖದಲ್ಲಿ ನಿಮ್ಮ ಮುಖ ಕಂಡಿರಬೇಕು. "ಮಿಸ್ ವರ್ನಿ, ನೀವು ನಡೀರಿ, ಹಿಂದೇನೇ ಬಂದೆ" ಎಂದರು. ಮಿಸ್ ವರ್ನಿ ನನ್ನ ಕಡೆ ತಿರುಗಿದರು.

"ಲೆಸ್ಟರ್, ನೀನಾದ್ರೂ ಹೇಳೋ."

ನಾನು ಒಂದು ಹೆಜ್ಜೆ ಮುಂದಿಟ್ಟೆ. ನಿರ್ದೇಶಕರು ಗದರಿದರು: "ಧರ್ಮಾಧ್ಯಕ್ಷರು ಅಲ್ಲಾಡೋ ಹಾಗಿಲ್ಲ!" ನಾನು ಅಲ್ಲಾಡಲಿಲ್ಲ. ರಟ್ಟಿನ ಕಿರೀಟ ಹೊತ್ತು ನಿಂತಲ್ಲೇ, "ಈಗ ಮುಗಿದೋಗುತ್ತೆ ಮಿಸ್ ವರ್ನಿ" ಎಂದೆ. ಊರೆಲ್ಲ ಓದುವ ಈ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಬರೆಯುತ್ತೇನೆ. ನಿಮ್ಮನ್ನು ಬೈಯುವ ಹಕ್ಕು ನನಗೆ ಬೇಕಿದ್ದರೆ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ನಲವತ್ತು ನಿಮಿಷವೆಂದದ್ದು ಒಂದೂಮುಕ್ಕಾಲು ಗಂಟೆಯಾಯಿತು. ಧೂಪದ ಸರಪಳಿ ಸದ್ದು ಮಾಡುತ್ತಲೇ ಇತ್ತು. ನಾಲ್ಕೂಕಾಲಕ್ಕೆ ನಾವಿಬ್ಬರೂ ನನ್ನ ಟ್ರಕ್ಕಿನಲ್ಲಿ ಹೋದಾಗ ಮಿಸ್ ವರ್ನಿ ಹೊರ ಮೆಟ್ಟಿಲ ಮೇಲೆ ಕೂತಿದ್ದರು. ಫಾದರ್ ತೈಲದ ಡಬ್ಬಿ ಹಿಡಿದು ಓಡುತ್ತಿದ್ದರೆ, "ಈಗ ನಿಧಾನಕ್ಕೆ ಬನ್ನಿ ಫಾದರ್, ಮೆಟ್ಲು ಸಡಿಲ ಇದೆ" ಎಂದರು. ನೊಲನ್ ಹೋಗಿ ಅರ್ಧ ಗಂಟೆಯಾಗಿತ್ತು.

ಕೊನೆಯವರೆಗೂ "ಬಂದ್ರಾ? ಬಂದ್ರಾ?" ಎಂದು ಬಾಗಿಲು ನೋಡುತ್ತಿದ್ದನಂತೆ. ತಡೆಯಲಾರದೆ ಮಿಸ್ ವರ್ನಿ ಅಡುಗೆಮನೆಗೆ ಹೋಗಿ, ಸಿಗಡಿ ಹುರಿಯುವ ಎಣ್ಣೆಯನ್ನೇ ಒಂದು ಬಟ್ಟಲಿಗೆ ಸುರಿದು ತಂದು, ಅವನ ಹಣೆಗೆ, ಎರಡೂ ಅಂಗೈಗೆ ಶಿಲುಬೆ ಎಳೆದರು. ಮಂತ್ರ ಗೊತ್ತಿರಲಿಲ್ಲ. "ಇವನು ಒಳ್ಳೆಯವನು, ನಿನಗೂ ಗೊತ್ತು, ಕರ್ಕೋ" ಎಂದರಂತೆ. ನೊಲನ್ ಬಾಗಿಲು ನೋಡುವುದನ್ನು ಬಿಟ್ಟು ಹೆಂಡತಿಯನ್ನು ನೋಡಿದ. ಹಾಗೇ ಹೋದ. ಇಷ್ಟನ್ನೂ ಹೇಳಿ ಅವರು ಫಾದರನ್ನು ಕೇಳಿದರು:

"ಅಡುಗೆ ಎಣ್ಣೆ ನಡೆಯುತ್ತಾ ಫಾದರ್? ದೇವ್ರು ಒಪ್ಕೋತಾನಾ?"

ಫಾದರ್ ಮೊಣಕಾಲೂರಿ ಆ ಎಣ್ಣೆ ಮೆತ್ತಿದ ಬೆರಳುಗಳನ್ನು ಹಣೆಗೊತ್ತಿಕೊಂಡರು. "ಒಪ್ಕೋತಾನೆ, ಒಪ್ಕೋತಾನೆ" ಎಂದು ಮಗುವಿನಂತೆ ಅತ್ತರು. ಮಿಸ್ ವರ್ನಿಯೇ ಅವರ ಬೆನ್ನು ಸವರಿದರು. "ನೀವು ಒಳ್ಳೇವ್ರು, ನನ್ನ ಸಮಾಧಾನಕ್ಕೆ ಹೇಳ್ತೀರಿ. ದೊಡ್ಡೋರು ಏನಂತಾರೋ."

ಮರುದಿನ ದೊಡ್ಡವರು ಬಂದಿರಿ. ಸರಪಳಿ ಸದ್ದು ಮಾಡಲಿಲ್ಲ. ಕಿರೀಟ ಸರಿಯಾದ ಕೈಯಿಂದ ಇಳಿಯಿತು. ಪ್ರಾರ್ಥನೆಯಲ್ಲಿ ನೊಲನ್‌ನ ಹೆಸರು ಸೇರಿಸಿ ಎಂದು ಕೇಳಿದರೆ ನಿರ್ದೇಶಕರು "ಪಟ್ಟಿ ಆಗ್ಲೇ ಅಚ್ಚಾಗಿದೆ" ಎಂದರು. ನೀವು "ಜೀವಂತ ವಿಶ್ವಾಸ"ದ ಬಗ್ಗೆ ಇಪ್ಪತ್ತೈದು ನಿಮಿಷ ಸೊಗಸಾಗಿ ಮಾತಾಡಿದಿರಿ. ಜೀವಂತ ವಿಶ್ವಾಸ ಎಂಬುದು ಆ ಹೊತ್ತಿನಲ್ಲಿ ಮೂರು ನಿಮಿಷದ ದಾರಿಯ ಒಂದು ಮನೆಯಲ್ಲಿ ಹೆಣದ ಪಕ್ಕ ಕೂತಿತ್ತು, ಮಾನ್ಯರೇ. ನಿಮ್ಮ ಕಾರು ಆ ಮನೆಯ ಮುಂದೆಯೇ ಹಾದುಹೋಯಿತು.

ನಾನು ನಿಮಗೆ ಖಾಸಗಿಯಾಗಿ ಪತ್ರ ಬರೆದೆ. ನಡೆದದ್ದೆಲ್ಲವನ್ನೂ ಬರೆದು, ಮಿಸ್ ವರ್ನಿಯ ಪ್ರಶ್ನೆಗೆ ಎರಡು ಸಾಲಿನ ಉತ್ತರ ಕೊಡಿ ಎಂದು ಬೇಡಿಕೊಂಡೆ. ಐದು ವಾರದ ಮೇಲೆ ನಿಮ್ಮ ಸಹಿಯ ಉತ್ತರ ಬಂತು. ಮೊದಲ ಪ್ಯಾರಾದಲ್ಲಿ ಶತಮಾನೋತ್ಸವದ ಪೂಜೆ ಮಾದರಿಯಾಗಿತ್ತೆಂಬ ಮೆಚ್ಚುಗೆ. ಎರಡನೆಯದರಲ್ಲಿ "ಶ್ರೀ ನಾರ್ಮನ್ ಡಾರ್ಡಾರ್" ಅವರ ಅಗಲಿಕೆಗೆ ಸಂತಾಪ. ಮೂರನೆಯದರಲ್ಲಿ, ವಿಧಿವತ್ತಾಗಿ ಆಶೀರ್ವದಿಸದ ತೈಲದಿಂದ, ದೀಕ್ಷೆಯಿಲ್ಲದವರು ಮಾಡಿದ ಕ್ರಿಯೆಗೆ "ಸಂಸ್ಕಾರದ ಸಿಂಧುತ್ವ ಇರುವುದಿಲ್ಲ" ಎಂಬ ತೀರ್ಪು. ನಿಯಮದ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಗಂಡನ ಹೆಸರನ್ನೂ ಸರಿಯಾಗಿ ಓದದೆ, ಒಬ್ಬ ವಿಧವೆಯ ಕೈಯ ಕೊನೆಯ ಸೇವೆಯನ್ನು ಅಸಿಂಧು ಎಂದು ಬರೆಯಲು ಎಂಥ ಮನಸ್ಸು ಬೇಕು? ತೈಲವನ್ನು ಬೀಗ ಹಾಕಿ ಇಟ್ಟುಕೊಂಡು ಬರಬೇಕಾದ ಹೊತ್ತಿಗೆ ಬಾರದವರು ಯಾರು? ಅಸಿಂಧುವಾದದ್ದು ಆಕೆಯ ಎಣ್ಣೆಯೋ, ನಮ್ಮ ತಾಲೀಮೋ?

ಈಗ ಕಳೆದ ತಿಂಗಳಿಗೆ ಬನ್ನಿ. ಪ್ರವಚನ ಆಗಷ್ಟೇ ಮುಗಿದಿತ್ತು. ಮಿಸ್ ಅರ್ಲೀನ್ ಅವರ ಮಗಳು ಚರ್ಚಿನ ಬಾಗಿಲಲ್ಲಿ ಬಂದು ನಿಂತಳು. ಅವಳ ತಾಯಿ ಹಾಸಿಗೆ ಹಿಡಿದದ್ದು ಊರಿಗೆಲ್ಲ ಗೊತ್ತಿತ್ತು. ಫಾದರ್ ಪೂಜಾಪೀಠದಿಂದ ಇಳಿದು ಬಂದರು. "ಎಲ್ರೂ ಜಪಸರ ಹೇಳ್ತಾ ಇರಿ. ನಾನು ಬರೋತನಕ ದೇವ್ರು ಕಾಯ್ತಾನೆ, ಅರ್ಲೀನ್ ಕಾಯಲ್ಲ" ಎಂದರು. ನೇರಳೆ ವಸ್ತ್ರದಲ್ಲೇ ನನ್ನ ಟ್ರಕ್ ಹತ್ತಿದರು. ನಾನು ಆ ರಸ್ತೆಯಲ್ಲಿ ಯಾವತ್ತೂ ಅಷ್ಟು ಜೋರಾಗಿ ಓಡಿಸಿದ್ದಿಲ್ಲ. ಮಿಸ್ ಅರ್ಲೀನ್ ಕಣ್ಣು ಬಿಟ್ಟು, "ಅಯ್ಯೋ, ಪೂಜೆ ಬಿಟ್ಟು ಬಂದ್ರಾ?" ಎಂದರು. "ಇದೂ ಪೂಜೇನೇ" ಎಂದರು ಫಾದರ್. ಐವತ್ತು ನಿಮಿಷದ ಮೇಲೆ ನಾವು ಮರಳಿದಾಗ ಒಬ್ಬರೂ ಜಾಗ ಬಿಟ್ಟು ಎದ್ದಿರಲಿಲ್ಲ. ಮುಂದಿನ ಸಾಲಿನಲ್ಲಿ ಮಿಸ್ ವರ್ನಿ ಜಪಸರ ಹೇಳಿಸುತ್ತಿದ್ದರು. ನಿಲ್ಲಿಸಿದ ಕಡೆಯಿಂದ ಪೂಜೆ ಮುಂದುವರಿಯಿತು. ನಾನು ನೋಡಿದ ಪೂಜೆಗಳಲ್ಲೆಲ್ಲ ಅಷ್ಟು ಘನವಾದದ್ದು ಇನ್ನೊಂದಿಲ್ಲ. ಊರಿಗೆ ಬಂದಿದ್ದ ಯಾರೋ ಅತಿಥಿಗೆ ತಡವಾಯಿತಂತೆ, ನಿಮಗೆ ದೂರು ಕೊಟ್ಟರಂತೆ.

ನಾನು ಧೂಪದ ವಿರೋಧಿಯಲ್ಲ, ಮಾನ್ಯರೇ. ಆ ಪರಿಮಳ ಬಟ್ಟೆಗೆ ಹತ್ತಿದರೆ ಒಗೆಯಲು ಮನಸ್ಸು ಬರದವನು ನಾನು. ಆದರೆ ಎಂಜಿನ್‌ಗೆ ಎಷ್ಟೇ ಚೆಂದ ಬಣ್ಣ ಹೊಡೆದರೂ ಅದು ಶುರುವಾಗದಿದ್ದರೆ ಯಾರೂ ಸಮುದ್ರಕ್ಕೆ ಹೋಗಲಾರರು. ಪೂಜೆ ನಮ್ಮನ್ನು ಪಕ್ಕದ ಮನೆಯ ಹಾಸಿಗೆಯವರೆಗೂ ಒಯ್ಯದಿದ್ದರೆ, ಅದು ನಮ್ಮನ್ನು ದೇವರವರೆಗೆ ಒಯ್ಯುತ್ತದೆ ಎಂದು ಯಾವ ಬಾಯಲ್ಲಿ ಹೇಳುತ್ತೀರಿ?

ನಿಮ್ಮ ಆ ಉತ್ತರವನ್ನು ಇಷ್ಟು ತಿಂಗಳು ನಾನು ಮಿಸ್ ವರ್ನಿಯಿಂದ ಮುಚ್ಚಿಟ್ಟಿದ್ದೆ. ಇದು ಅಚ್ಚಾದರೆ ಅವರಿಗೆ ಹೇಗೂ ತಿಳಿಯುತ್ತದೆಂದು ನಿನ್ನೆ ತೆಗೆದುಕೊಂಡು ಹೋಗಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವರು ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು.

"ಇದು ಯಾರೋ ನಾರ್ಮನ್‌ಗೆ ಬಂದಿರೋದು ಕಣೋ. ನಮ್ಮ ನೊಲನ್‌ಗಲ್ಲ."

ಫಾದರ್ ಅಮೆಡಿಯವರಿಗೆ ಕಳುಹಿಸಿದ ಆಜ್ಞೆಯನ್ನು ಗುರುವಾರದೊಳಗೆ ಹಿಂತೆಗೆದುಕೊಳ್ಳಿ. ಸಾಯುತ್ತಿರುವವರ ಮನೆಯಿಂದ ಕರೆ ಬಂದರೆ, ನಡೆಯುತ್ತಿರುವುದು ನಿಮ್ಮದೇ ಪೂಜೆಯಾಗಿದ್ದರೂ ನಿಲ್ಲಿಸಿ ಹೋಗಬೇಕು ಎಂದು ನಿಮ್ಮ ಅಧೀನದ ಪ್ರತಿಯೊಂದು ಚರ್ಚಿನಲ್ಲೂ ಓದಿಸಿ. ಇಲ್ಲವಾದರೆ ಶುಕ್ರವಾರ ಹತ್ತು ಗಂಟೆಗೆ ಫಾದರ್ ಒಬ್ಬರೇ ಬರುವುದಿಲ್ಲ. ನೂರಾಹದಿನಾರು ಜನ ಬರುತ್ತೇವೆ, ಅಷ್ಟೂ ಜನಕ್ಕೆ ಕುರ್ಚಿ ಹಾಕಿಸಿ. ಇನ್ನು ಮಿಸ್ ವರ್ನಿಯ ಪ್ರಶ್ನೆಗೆ ಈವರೆಗೆ ಉತ್ತರ ಬಂದಿಲ್ಲವೆಂದೇ ನಾವು ತಿಳಿದಿದ್ದೇವೆ. ಅದನ್ನು ನಿಮ್ಮ ಸ್ವಂತ ಕೈಯಲ್ಲಿ ಬರೆದು ಕಳುಹಿಸಿ. ಹೆಸರು ನೊಲನ್ ಡಾರ್ಡಾರ್. ಈ ಸಲ ಕಾಗುಣಿತ ನೋಡಿ ಬರೆಯಿರಿ.

ಇಂತಿ,
ಚರ್ಚನ್ನು ಬಿಡಲೂ ಆಗದೆ, ಸುಮ್ಮನಿರಲೂ ಆಗದೆ ಇರುವ
ಲೆಸ್ಟರ್ ವೆರೆಟ್
ಎಂಜಿನ್ ರಿಪೇರಿಯವನು, ಪಾಯಿಂಟ್ ಸೆಲೆಸ್ಟ್, ಲೂಸಿಯಾನ