ದೇವರ ಗೂಡಿನ ಫೋಟೋ

ವೇಲಚೇರಿ, ಚೆನ್ನೈ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಚರಣಾ,

ಹೇಗಿದ್ದೀಯ? ಗಾಳಿಯಂತ್ರದ ಕಂಬ ಹತ್ತುವಾಗ ಸೊಂಟಕ್ಕೆ ಕಟ್ಟುವ ಬೆಲ್ಟು ಸರಿಯಾದದ್ದು ಕೊಡುತ್ತಾರಾ? ಊಟಕ್ಕೆ ಏನು ಮಾಡುತ್ತೀಯ? ಗಂಟಲು ನೋವು ಮತ್ತೆ ಬಂದಿತ್ತಾ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ಮೂರು ದಿನ ಬಿಟ್ಟು ‘ಡ್ಯೂಟಿಯಲ್ಲಿದ್ದೇನೆ’ ಎಂದು ಬರೆಯುತ್ತೀಯ. ಕಾಗದವನ್ನಾದರೆ ಅರ್ಧದಲ್ಲಿ ಕಟ್ ಮಾಡಲು ಬರುವುದಿಲ್ಲ. ಹರಿದು ಬಿಸಾಡಬಹುದು, ಆದರೆ ಓದದೆ ಹರಿಯುವಷ್ಟು ತಾಳ್ಮೆ ನಿನಗೆ ಚಿಕ್ಕಂದಿನಿಂದಲೂ ಇಲ್ಲ.

ಅಮ್ಮನ ಮಂಡಿನೋವು ಹಾಗೇ ಇದೆ. ಮಳೆಯ ಮುನ್ಸೂಚನೆ ಬಂತೆಂದು ಮೇಲಿನ ಮನೆಯವರೆಲ್ಲ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಬಿಟ್ಟು ಬಂದಿದ್ದಾರೆ. ನಮ್ಮಲ್ಲಿ ಏರಿಸಲು ಕಾರಿಲ್ಲ, ಅದಕ್ಕೆ ಗ್ಯಾಸ್ ಸಿಲಿಂಡರನ್ನು ನಿನ್ನ ಮಂಚದ ಮೇಲೆ ಏರಿಸಿದ್ದೇವೆ. ಅಪ್ಪನ ಫೋಟೋವನ್ನು ಗಂಧದ ಚಕ್ಕೆಯ ಹಾರದ ಸಮೇತ ಮೇಲಿನ ಮೊಳೆಗೆ ತೂಗುಹಾಕಿದ್ದೇನೆ. ಇಪ್ಪತ್ತೆಂಟು ವರ್ಷ ಹೋಟೆಲಿನ ದೋಸೆಕಲ್ಲಿನ ಮುಂದೆ ನಿಂತ ಮನುಷ್ಯ, ಈಗ ನೀರಿನಲ್ಲಿ ನಿಲ್ಲುವುದು ಬೇಡ. ಮಳೆ ಬಾರದಿದ್ದರೆ ಸಿಲಿಂಡರ್ ಇಳಿಸಲಾ ಎಂದು ಕೇಳಿದರೆ ಅಮ್ಮ, "ಅವ ಬಂದ ಮೇಲೆ ಇಳಿಸುವ, ಈಗ ಎಂಥ ಅರ್ಜೆಂಟು" ಅನ್ನುತ್ತಾಳೆ. ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ‘ಗಣಿತದಲ್ಲಿ ಫೇಲಾಗಿ ವಿದ್ಯಾರ್ಥಿವೇತನ ಕಳೆದುಕೊಂಡೆ, ಅಮ್ಮನಿಗೆ ಮುಖ ತೋರಿಸಲಾರೆ’ ಎಂದು ಬರೆದಿಟ್ಟು ಹೋದೆಯಲ್ಲ, ಆ ಚೀಟಿ ನನ್ನ ಪರ್ಸಿನಲ್ಲೇ ಇದೆ. ಅದರ ಬಗ್ಗೆ ಬರೆಯಲೆಂದೇ ಕುಳಿತವಳು ಮಳೆ, ಸಿಲಿಂಡರ್ ಎಂದು ಸುತ್ತಿ ಬಳಸುತ್ತಿದ್ದೇನೆ.

ನನ್ನ ಕೆಲಸದಲ್ಲಿ ಹೊಸದೇನಿಲ್ಲ. ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟವರಿಗೆ ಕೃತಜ್ಞತೆ ಹೇಳುವುದಕ್ಕೆ, ಕೊಡದವರಿಂದ ಕೇಳುವುದಕ್ಕೆ ಮೂರು ಮೂರು ನಿಮಿಷದ ವಿಡಿಯೋ ಮಾಡುವುದು. ಮೊದಲು ಬಡತನ, ನಡುವೆ ಗ್ರಂಥಾಲಯ, ಕೊನೆಗೆ ಘಟಿಕೋತ್ಸವದ ಕರಿ ಗೌನು. ನಮ್ಮ ವಿಭಾಗದ ಮುಖ್ಯಸ್ಥ ಪ್ರತಾಪ್ ಸರ್ ಪ್ರಕಾರ, ಮಾತಾಡುತ್ತ ವಿದ್ಯಾರ್ಥಿಗೆ ಕಣ್ಣೀರು ಬಂದರೆ ಒಳ್ಳೆಯದು, ಬಾರದಿದ್ದರೆ ಅವನನ್ನು ಕಿಟಕಿಯ ಬಳಿ ನಿಲ್ಲಿಸಬೇಕು. ಐದು ವರ್ಷದಲ್ಲಿ ಎಷ್ಟು ಮಕ್ಕಳನ್ನು ಕಿಟಕಿಯ ಹೊರಗೆ ನೋಡುವ ಹಾಗೆ ಮಾಡಿದ್ದೇನೋ, ಹೊರಗೆ ಇದ್ದದ್ದು ಮಾತ್ರ ಬೈಕ್ ನಿಲ್ಲಿಸುವ ಶೆಡ್ಡು.

ಹೋದ ವರ್ಷ ನಮ್ಮ ಮನೆಯಲ್ಲೇ ಶೂಟಿಂಗ್ ಮಾಡಿದ್ದು ನೆನಪಿದೆಯಲ್ಲ. ಅಂಬತ್ತೂರಿನಲ್ಲಿ ವಾಲ್ವ್ ಕಾರ್ಖಾನೆ ಇಟ್ಟಿದ್ದ ಆ ಹಿರಿಯರು ನಿನ್ನನ್ನು ಓದಿಸುತ್ತಿದ್ದರು, ಆಫೀಸಿನಲ್ಲಿ ಎಲ್ಲರೂ ಅವರನ್ನು ಅಯ್ಯಾ ಅನ್ನುತ್ತಿದ್ದರು. ಅವರಿಗೆ ಕೃತಜ್ಞತೆ ಹೇಳುವ ವಿಡಿಯೋಗೆ ಒಪ್ಪಿಕೊಂಡಿದ್ದ ಇನ್ನೊಬ್ಬ ವಿದ್ಯಾರ್ಥಿನಿಯ ಮನೆಯವರು ಕೊನೆಗೆ ಹಿಂದೆ ಸರಿದಾಗ, ನಮ್ಮ ಮನೆಯೇ ಇದೆಯಲ್ಲ ಎಂದವಳು ನಾನೇ. ಬಿಳಿ ಅಂಗಿ ಹಾಕಿ ಒಂದೇ ವಾಕ್ಯವನ್ನು ಹತ್ತು ಸಲ ಹೇಳಿ, ಹನ್ನೊಂದನೆಯ ಸಲ ನೀನು ನಕ್ಕುಬಿಟ್ಟೆ. ನಿನ್ನ ಮೇಲೆ ರೇಗಿದ್ದೆ. ಆ ನಗುವನ್ನು ಅಳಿಸಿಲ್ಲ, ಆಗಾಗ ಹಾಕಿಕೊಂಡು ನೋಡುತ್ತೇನೆ. ನೀನು ಕ್ಲಾಸಿಗೆ ಹೋದ ಮೇಲೆ ಅಮ್ಮನ ಶಾಟ್ ತೆಗೆದೆ. ವಿಶ್ವವಿದ್ಯಾಲಯದ ಪುಸ್ತಿಕೆಯಿಂದ ಅಯ್ಯಾ ಅವರ ಫೋಟೋ ಕತ್ತರಿಸಿ, ಕಟ್ಟು ಹಾಕಿಸಿ, ದೇವರ ಗೂಡಿನಲ್ಲಿ ಕೃಷ್ಣನ ಪಕ್ಕ ಇಟ್ಟಿದ್ದಳಲ್ಲ. ದಿನಾ ಒಂದು ನಂದಿಬಟ್ಟಲು ಹೂವು. "ಮಗನಿಗೆ ವಿದ್ಯೆ ಕೊಡುವವರು ದೇವರಲ್ಲದೆ ಮತ್ತೆಂಥ" ಎಂದು ಕೈ ಮುಗಿದಳು. ಪ್ರತಾಪ್ ಸರ್ ಅವಸರದಲ್ಲಿ ಫೋನಿನಲ್ಲೇ ನೋಡಿ, ಅಮ್ಮನ ಮುಖ ತುಂಬಾ ಚೆನ್ನಾಗಿ ಬಂದಿದೆ ಎಂದು ಹೊಗಳಿದರು.

ಅಯ್ಯಾ ಹೋದ ತಿಂಗಳು ತೀರಿಕೊಂಡರು. ಎಂಬತ್ತೆರಡು ವರ್ಷ, ನಿದ್ದೆಯಲ್ಲೇ. ಅವರ ಸ್ಮರಣೆಗೆ ಒಂದು ವಿಡಿಯೋ ಬೇಕೆಂದು ಮನೆಯವರು ಕೇಳಿದ್ದಾರೆ, ಈ ವಾರವೆಲ್ಲ ಅದೇ ಕೆಲಸ.

ನಿನ್ನ ಸೀಟಿನ ಬಗ್ಗೆಯೂ ವಿಚಾರಿಸಿದೆ. ಸಿಲಬಸ್ ಬದಲಾಗಿದೆಯಂತೆ, ಸೇರುವುದಾದರೆ ಮೊದಲ ವರ್ಷದಿಂದ ಸೇರಬೇಕು. ಅಯ್ಯಾ ಹೆಸರಿನ ವಿದ್ಯಾರ್ಥಿವೇತನವನ್ನು ಮುಚ್ಚಿಬಿಟ್ಟಿದ್ದಾರೆ. ಮೂರು ಮೇಜು ಸುತ್ತಿದೆ, ಮೂರು ಕಡೆಯೂ ಅದೇ ಉತ್ತರ. ಸುಳ್ಳು ಭರವಸೆ ಕೊಟ್ಟು ನಿನ್ನನ್ನು ಕರೆಸುವುದಿಲ್ಲ. ದಿನಾ ಜನರಿಗೆ ಭರವಸೆ ತೋರಿಸಿ ಸಂಬಳ ತೆಗೆದುಕೊಳ್ಳುವವಳು ನಾನು, ನಿನಗೆ ತೋರಿಸಲು ಏನೂ ಉಳಿದಿಲ್ಲ. ಸುಮ್ಮನೆ ಬಂದು ಹೋಗು. ಅಮ್ಮ ನಿನ್ನನ್ನು ಗಣಿತ ಕೇಳುವುದಿಲ್ಲ.

ಮೇಲೆ ಹತ್ತುವ ಮುಂಚೆ ಎರಡು ಸಲ ಬೆಲ್ಟು ನೋಡಿಕೋ. ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಅಕ್ಕ,
ಪ್ರಣಮ್ಯಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಬರೆದುಬಿಡುತ್ತೇನೆ. ನಿನ್ನ ವಿದ್ಯಾರ್ಥಿವೇತನ ಗಣಿತದಿಂದ ನಿಂತದ್ದಲ್ಲ. ಒಂದು ಪೇಪರ್ ಹೋದರೆ ನಿಲ್ಲಿಸುವ ನಿಯಮವೇ ಇರಲಿಲ್ಲ. ಶೂಟಿಂಗಿನ ದಿನ ಅಮ್ಮ ಇಟ್ಟ ಒಂದೇ ಹೂವು ಕ್ಯಾಮೆರಾದಲ್ಲಿ ಕಾಣಿಸಲಿಲ್ಲ. ನಾನು ಅಪ್ಪನ ಫೋಟೋದ ಗಂಧದ ಹಾರ ತೆಗೆದು ಅಯ್ಯಾ ಅವರ ಫೋಟೋಗೆ ಹಾಕಿದೆ. "ಬೇಡ ಮಾರಾಯ್ತಿ, ಅದು ಹೋದವರದ್ದು, ಇದ್ದವರಿಗೆ ಹಾಕುದಲ್ಲ" ಎಂದು ಅಮ್ಮ ಕೈ ಹಿಡಿದಳು. ಎರಡು ನಿಮಿಷಕ್ಕೆ ಏನಾಗುತ್ತದೆ ಅಂದೆ. ದಾನಿಗಳ ಸಮಾರಂಭಕ್ಕೆ ನೀನು ಜ್ವರ ಬಂದು ಬರಲಿಲ್ಲ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಸತ್ತವರ ಹಾರ ಹಾಕಿಕೊಂಡ ತನ್ನ ಮುಖ ನೋಡಿ ಅಯ್ಯಾ ಎದ್ದು ಹೋದರು. ಅವರ ಮಗಳು ನನ್ನ ಹತ್ತಿರ ಬಂದು, "ಉಯಿರೋಡ ಇರುಕ್ಕಿರವರುಕ್ಕು ಮಾಲೈಯಾ?" ಎಂದರು. ಬದುಕಿರುವವರಿಗೆ ಹಾರವಾ ಎಂದು ಕೇಳಿದ್ದು. ಎರಡು ವಾರಕ್ಕೆ ನಿನಗೆ ವಿದ್ಯಾರ್ಥಿವೇತನ ನಿಲ್ಲಿಸಿದ ಪತ್ರ ಬಂತು, ಕಾರಣ ಬರೆದಿರಲಿಲ್ಲ, ನೀನೇ ಒಂದು ಹುಡುಕಿಕೊಂಡೆ. ನಿನ್ನ ಕಣ್ಣಲ್ಲಿ ಚಿಕ್ಕವಳಾಗುತ್ತೇನೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಮ್ಮನಿಗೆ ಏನೂ ಗೊತ್ತಿಲ್ಲವೆಂದುಕೊಂಡಿದ್ದೆ. ಅಯ್ಯಾ ಹೋದ ಸುದ್ದಿ ಹೇಳಿದ ದಿನ ಅವಳು ಅವರ ಫೋಟೋವನ್ನು ಗೂಡಿನಿಂದ ತೆಗೆದು ಅಪ್ಪನ ಪಕ್ಕ ಇಟ್ಟು, ನನ್ನ ಮುಖ ನೋಡದೆ, "ಇನ್ನು ಹಾಕ್ಲಿಕ್ಕೆ ಅಡ್ಡಿಯಿಲ್ಲ" ಅಂದಳು. ಸ್ಮರಣೆಯ ವಿಡಿಯೋಗೆ ಅಯ್ಯಾ ಅವರ ಆ ಮಗಳೇ ಫೋನ್ ಮಾಡಿ ಹಾರ ಹಾಕಿದ್ದ ಅದೇ ಶಾಟ್ ಕೇಳಿದರು. ನಿನ್ನೆ ಸೇರಿಸಿದೆ. ಒಂದು ಫ್ರೇಮೂ ಬದಲಿಸಬೇಕಾಗಲಿಲ್ಲ.