ಮಷೀನಿಗೆ ಯಾವ ಅಮಾಸಿ?

ಮುಧೋಳ
2-2-2005

ರಾಜಕುಮಾರನ ಅಪ್ಪಾರಿಗೆ ನಿಮ್ಮ ಅನಸವ್ವನ ಶರಣಾರ್ಥಿ.

ನಿಮ್ಮ ಕೆಮ್ಮು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀರೋ, ಚಹಾದ ಮೇಲೆ ಚಹಾ ನಡೆದಿದೆಯೋ? ರಾಜು ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಯೇ? ನಾನಿಲ್ಲದೆ ಲಾಳಿಯ ಕಂಡಿಕೆಗೆ ನೂಲು ಸುತ್ತುವವರು ಯಾರು ಎಂದು ಕೇಳಬೇಕು, ಕೇಳಲು ಬಾಯಿ ಬರುವುದಿಲ್ಲ. ಅಪ್ಪ ಮಗ ಇಬ್ಬರೂ ಮಗ್ಗ ನೋಡಿಕೊಂಡು, ನಡುನಡುವೆ ಅದನ್ನೂ ಸುತ್ತಿಕೊಳ್ಳುತ್ತಿರಬೇಕು. ಇಲ್ಲಿ ನಮ್ಮ ಅನುರಾಧಾ, ಅಳಿಯಂದಿರು, ಮೊಮ್ಮಗಳು ಎಲ್ಲರೂ ಆರಾಮ ಇದ್ದಾರೆ. ನಾನಂತೂ ಇರಬೇಕಾದ್ದಕ್ಕಿಂತ ಹೆಚ್ಚು ಆರಾಮ ಇದ್ದೇನೆ. ಅದೇ ನನ್ನ ತಪ್ಪು.

ಕೈಗೆ ಬಟ್ಟೆ ಕಟ್ಟಿಕೊಂಡು ಇಲ್ಲಿಗೆ ಬಂದ ಹೊಸತರಲ್ಲಿ ಮಗಳ ಮಾನ ಕಳೆದೆ. ಬನಹಟ್ಟಿಯ ಪವರ್‌ಲೂಮಿನ ಗದ್ದಲದಲ್ಲಿ ಪಳಗಿದ ಗಂಟಲು ನೋಡಿರಿ, 'ನೀರು ಕೊಡವಾ' ಎಂದದ್ದಕ್ಕೆ ಪಕ್ಕದ ಮನೆಯ ಹೊಳಬಸಪ್ಪನ ಹೆಂಡತಿ ತಾಯಿ ಮಗಳ ಜಗಳ ಬಿಡಿಸಲು ಓಡಿ ಬಂದಳು. ಒಂದು ಮುಂಜಾನೆ ಕರೆಂಟು ಬಂತೆಂದು ಧಡಪಡಿಸಿ ಎದ್ದು ಓಡಿದೆ. ಹೊಸ್ತಿಲು ದಾಟಿದ ಮೇಲೆ ಈ ಮನೆಯಲ್ಲಿ ಮಗ್ಗವೇ ಇಲ್ಲ ಎಂಬುದು ನೆನಪಾಯಿತು. ಅಳಿಯ ನೀಲಕಂಠ ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಕಬ್ಬಿನ ಟ್ರ್ಯಾಕ್ಟರು ಹೋಗುವುದನ್ನು ನೋಡುತ್ತಾರೆ. ಎಂಥ ಮೈಗಳ್ಳನಿಗೆ ಮಗಳನ್ನು ಕೊಟ್ಟೆವಪ್ಪಾ ಎಂದುಕೊಂಡಿದ್ದೆ. ಈಗ ನಾನೂ ಹೋಗಿ ಕೂಡುತ್ತೇನೆ.

ಅನುರಾಧಾ ಬಿಸಿ ರೊಟ್ಟಿ ಬಡಿದು ಹಾಕುತ್ತಾಳೆ, ನಾನು ಕೂತು ಉಣ್ಣುತ್ತೇನೆ. ತುತ್ತು ಬಾಯಿಗಿಡುವಾಗ ನೀವು ಮಗ್ಗದ ಹತ್ತಿರ ನಿಂತು ತಣ್ಣನೆಯ ರೊಟ್ಟಿ ತಿನ್ನುವುದು ಕಣ್ಣಿಗೆ ಕಟ್ಟುತ್ತದೆ. ಆದರೂ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತೇನೆ, ಸುಳ್ಳು ಯಾಕೆ ಹೇಳಲಿ.

ಇಲ್ಲಿ ಕೂತರೆ ಮಾವನವರು ಬಹಳ ನೆನಪಾಗುತ್ತಾರೆ. ಕೈಮಗ್ಗದ ಕಾಲದಲ್ಲಿ ಅಮಾಸಿ ದಿನ ಅವರು ಮಗ್ಗಕ್ಕೆ ಕೂಡುತ್ತಿರಲಿಲ್ಲ. ಅದಕ್ಕೆ ಪೂಜೆ ಮಾಡಿ, ಹೋಳಿಗೆ ಉಂಡು, ಸಂಜೆಯವರೆಗೆ ಓಣಿಯವರೊಡನೆ ಹರಟೆ. ಪವರ್‌ಲೂಮು ತಂದ ವರ್ಷ ನೀವು, 'ಮಷೀನಿಗೆ ಯಾವ ಅಮಾಸಿ?' ಎಂದಿರಿ. ಮಾತು ಖರೆ ಅನ್ನಿಸಿ ನಾನೂ ನಕ್ಕೆ. ಮಷೀನಿನ ಮುಂದೆ ನಿಂತವರಿಗೆ ಅಮಾಸಿ ಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಕಂಡಿಕೆ ಸುತ್ತುತ್ತ ಕೂತಲ್ಲೇ ತೂಕಡಿಸಿ ಕೈ ಮಷೀನಿಗೆ ಕೊಟ್ಟೆನಲ್ಲ, ಆವತ್ತು ನೀವು ಎಲ್ಲ ಮಗ್ಗ ನಿಲ್ಲಿಸಿ ಬಂದು 'ಅನಸೂ' ಎಂದು ಮೆಲ್ಲಗೆ ಕರೆದಿರಿ. ನಿಮಗೆ ಅಂಥ ದನಿ ಇದೆಯೆಂಬುದೇ ನನಗೆ ಮರೆತುಹೋಗಿತ್ತು. ರಕ್ತ ಸೋರುತ್ತಿತ್ತು, ಆದರೂ ಖುಷಿಯಾಯಿತು. ಆ ಖುಷಿ ನೆನೆದರೆ ಈಗ ನಾಚಿಕೆಯಾಗುತ್ತದೆ.

ರಾಜುಗೆ ನನ್ನ ಆಶೀರ್ವಾದ ತಿಳಿಸಿರಿ. ಓಣಿಯಲ್ಲಿ ಕೇಳಿದವರಿಗೆಲ್ಲ ಶರಣು ಹೇಳಿರಿ. ಕೆಮ್ಮಿನ ಔಷಧ ಬಿಡಬೇಡಿರಿ.

ನಿಮ್ಮ
ಅನಸವ್ವ

ತಾ.ಕ.: ಕೈ ವಾಸಿಯಾಗಿ ವಾರದ ಮೇಲಾಯಿತು. ಬಟ್ಟೆ ಮಾತ್ರ ಕಟ್ಟಿಕೊಂಡೇ ಇದ್ದೇನೆ. ಬಿಚ್ಚಿದರೆ ಬನಹಟ್ಟಿ ಬಸ್ಸು ಹತ್ತಬೇಕಲ್ಲ. ಅನುರಾಧಾಗೆ ಗೊತ್ತಾಗಿದೆ, ಆದರೂ ಪಾಪ, ದಿನಾ ಬಟ್ಟೆ ಬದಲಿಸಿ ಕಟ್ಟುತ್ತಾಳೆ. ಬರುವ ಮಂಗಳವಾರ ಅವರಾತ್ರಿ ಅಮಾಸಿ. ಅವತ್ತೊಂದು ದಿನ ಮಗ್ಗ ಬಂದ್ ಮಾಡಿ ನೀವೇ ನನ್ನನ್ನು ಕರೆಯಲು ಬರ್ರಿ, ರಾಜುವನ್ನು ಕಳಿಸಬೇಡಿರಿ. ಬರದಿದ್ದರೆ ಇಲ್ಲೇ ಉಳಿಯುತ್ತೇನೆ ಎಂದು ಬರೆದು ಹೆದರಿಸಬೇಕೆಂದಿದ್ದೆ, ಆಗಲಿಲ್ಲ. ನನ್ನ ಗುಣ ನನಗೆ ಗೊತ್ತು. ನೀವು ಬರದಿದ್ದರೂ ಬುಧವಾರ ಮೊದಲ ಬಸ್ಸಿಗೆ ನಾನೇ ಬಂದು ಕಂಡಿಕೆ ಸುತ್ತಲು ಕೂತುಬಿಡುತ್ತೇನೆ. ಅದೇ ನನಗೆ ಹೆದರಿಕೆ.